ಜೋಮು ಹಿಡಿದ ಮನಸ್ಸು

ಪ್ರಶ್ನೆ: ನನಗೆ 37 ವರ್ಷ. ನರ್ಸ್ ಆಗಿ 14 ವರ್ಷವಾಯಿತು, ಕಳೆದ ಐದು ವರ್ಷಗಳಿಂದ ಕ್ಯಾನ್ಸರ್ ವಾರ್ಡಿನಲ್ಲಿದ್ದೇನೆ. ಮೊದಲೆಲ್ಲ ಒಬ್ಬ ರೋಗಿ ತೀರಿಕೊಂಡರೆ ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬರುತ್ತಿದ್ದೆ. ಹೋದ ತಿಂಗಳು ಬೆಳಗಿನ ಜಾವ ಒಬ್ಬರು ಹೋದರು. ಅವರ ಮಗಳು, ಇಪ್ಪತ್ತರ ಆಸುಪಾಸಿನವಳು, ಮಂಚದ ಕಂಬಿ ಹಿಡಿದುಕೊಂಡು ಬಿಕ್ಕುತ್ತಿದ್ದಳು. ಕುರ್ಚಿ ಎಳೆದುಕೊಟ್ಟೆ, ನೀರು ಕೊಟ್ಟೆ. ಆದರೆ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ: ಮಂಚ ಖಾಲಿಯಾಯಿತು, ಎಂಟು ಗಂಟೆಗೆ ಹೊಸ ಅಡ್ಮಿಷನ್ ಇದೆ, ಬೆಡ್‌ಶೀಟ್ ಬದಲಿಸಬೇಕು. ಅಂದಿನಿಂದ ನನ್ನನ್ನು ಕಂಡರೆ ನನಗೇ ಭಯವಾಗುತ್ತಿದೆ. ಮನೆ ತಲುಪಿದರೂ ಒಳಗೆ ಹೋಗಲು ಮನಸ್ಸಾಗದೆ ಅರ್ಧ ಗಂಟೆ ಸ್ಕೂಟರ್ ಮೇಲೆಯೇ ಕುಳಿತಿರುತ್ತೇನೆ. ಮೊನ್ನೆ ಮಗ ಜ್ಯಾಮಿಟ್ರಿ ಬಾಕ್ಸ್ ಕಳೆದುಹೋಯಿತೆಂದು ಅಳುತ್ತಾ ಬಂದರೆ ‘ಇದೂ ಒಂದು ಕಷ್ಟವೇ?’ ಎಂದು ಗದರಿಬಿಟ್ಟೆ. ರಾತ್ರಿ ಪಾಳಿ ಇಲ್ಲದ ದಿನವೂ ಮೂರು ಗಂಟೆಗೆ ಎಚ್ಚರವಾಗುತ್ತದೆ. ಹಿರಿಯರು ‘ಸೇವೆಗೆ ಬಂದ ಮೇಲೆ ತನ್ನ ಸುಖ ನೋಡಿಕೊಳ್ಳಬಾರದು’ ಎನ್ನುತ್ತಾರೆ. ಆಡಳಿತದವರು ಒತ್ತಡ ನಿವಾರಣೆಗೆಂದು ಶಿಬಿರ ನಡೆಸಿದರು, ಅದೂ ನನ್ನ ವಾರದ ರಜೆಯ ದಿನ. ಅಲ್ಲಿ ಕಲಿಸಿದ ಉಸಿರಾಟದ ಅಭ್ಯಾಸವನ್ನು ನಾಲ್ಕು ದಿನ ಮಾಡಿ ಬಿಟ್ಟೆ, ಅದರಲ್ಲೂ ಸೋತೆ ಅನ್ನಿಸಿತು. ನನ್ನ ಮನಸ್ಸು ಕಲ್ಲಾಗಿದೆಯೇ? ಕೆಲಸ ಬಿಡಬೇಕೇ? ನನ್ನ ಬಗ್ಗೆ ಯೋಚಿಸುವುದು ಸ್ವಾರ್ಥವೇ? ಆ ಹುಡುಗಿಯನ್ನು ಹುಡುಕಿ ಕ್ಷಮೆ ಕೇಳಬೇಕು ಅನ್ನಿಸುತ್ತದೆ, ಕೇಳಲೇ?

ಉತ್ತರ: ನಿಮ್ಮ ಪತ್ರವನ್ನು ಮೂರು ಬಾರಿ ಓದಿದೆ. ಕೆಲಸ, ನಿದ್ದೆ, ಮಗ, ಶಿಬಿರ ಎಂದು ಹಲವು ಸಂಗತಿ ಬರೆದಿದ್ದೀರಿ. ಆದರೆ ಎಲ್ಲದರ ಅಡಿಯಲ್ಲಿ ಒಂದೇ ಭಯವಿದೆ: ‘ನಾನು ಒಳ್ಳೆಯ ಮನುಷ್ಯಳಾಗಿ ಉಳಿದಿಲ್ಲವೇನೋ.’ ಬೆಡ್‌ಶೀಟಿನ ಯೋಚನೆಯನ್ನು ಆ ಭಯಕ್ಕೆ ಸಾಕ್ಷಿಯಾಗಿ ಇಟ್ಟುಕೊಂಡಿದ್ದೀರಿ. ಮೊದಲು ಆ ಸಾಕ್ಷಿಯನ್ನೇ ಪರೀಕ್ಷಿಸೋಣ.

ಕಾಲು ಮಡಚಿ ಬಹಳ ಹೊತ್ತು ಕುಳಿತರೆ ಜೋಮು ಹಿಡಿಯುತ್ತದೆ. ಅದು ಹೇಗೆ ಆಗುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ನರದ ಮೇಲೆ ಒತ್ತಡ ಬಿದ್ದು ಸಂವೇದನೆ ಸ್ವಲ್ಪ ಹೊತ್ತು ನಿಂತಿರುತ್ತದೆ, ಚಿವುಟಿದರೂ ತಿಳಿಯುವುದಿಲ್ಲ. ಹಾಗೆಂದು ಕಾಲು ಸತ್ತಿದೆ ಎಂದು ಯಾರೂ ಹೇಳುವುದಿಲ್ಲ. ನಿಮ್ಮ ಮನಸ್ಸಿಗೆ ಆಗಿರುವುದೂ ಬಹುಮಟ್ಟಿಗೆ ಇದೇ. ಐದು ವರ್ಷ ಒಂದೇ ಜಾಗದ ಮೇಲೆ ಭಾರ ಬಿದ್ದಿದೆ. ಭಾರ ಮುಂದುವರಿಯುತ್ತಿರುವಾಗಲೂ ಕೆಲಸ ನಿಲ್ಲಬಾರದೆಂದು ಮನಸ್ಸು ನೋವಿನ ದಾರಿಯನ್ನು ಮುಚ್ಚಿಕೊಂಡಿದೆ. ಅದರ ದೋಷವೇನೆಂದರೆ, ನೋವಿಗೆಂದು ಮುಚ್ಚಿದ ಬಾಗಿಲಿನಿಂದ ಮಮತೆಯೂ ಒಳಗೆ ಬರಲಾಗುವುದಿಲ್ಲ. ಅದಕ್ಕೇ ಆ ಹುಡುಗಿಯ ಅಳುವಿನ ಜೊತೆಗೆ ಮಗನ ಅಳುವೂ ನಿಮ್ಮನ್ನು ಮುಟ್ಟಲಿಲ್ಲ.

ಇದು ಹೊಸ ಕಾಯಿಲೆಯಲ್ಲ, ನಿಮ್ಮೊಬ್ಬರದೂ ಅಲ್ಲ. 1974ರಲ್ಲಿ ಹರ್ಬರ್ಟ್ ಫ್ರೂಡನ್‌ಬರ್ಗರ್ ಎಂಬ ಮನೋವಿಜ್ಞಾನಿ ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯವೊಂದರ ಕಾರ್ಯಕರ್ತರ ಬಗ್ಗೆ ಬರೆಯುತ್ತಾ ಇದನ್ನು ‘ಬರ್ನ್‌ಔಟ್’ ಎಂದು ಕರೆದರು. ಅವರು ಸ್ವತಃ ಅದೇ ಚಿಕಿತ್ಸಾಲಯದಲ್ಲಿ ದಣಿದು ಬಿದ್ದವರು. ಎಲ್ಲರಿಗಿಂತ ಹೆಚ್ಚು ಶ್ರದ್ಧೆಯಿಂದ ದುಡಿಯುವವರೇ ಇದಕ್ಕೆ ಸುಲಭವಾಗಿ ಸಿಲುಕುತ್ತಾರೆ ಎಂಬುದನ್ನು ಅವರು ಆಗಲೇ ಗಮನಿಸಿದ್ದರು. ನಂತರ ಕ್ರಿಸ್ಟಿನಾ ಮ್ಯಾಸ್ಲಾಕ್ ಇದರ ಮೂರು ಮುಖಗಳನ್ನು ಗುರುತಿಸಿದರು: ಭಾವನೆಗಳು ಬತ್ತಿಹೋಗುವಷ್ಟು ದಣಿವು, ಮನುಷ್ಯರನ್ನು ವಸ್ತುಗಳಂತೆ ನೋಡಲು ತೊಡಗುವುದು, ಮತ್ತು ‘ನಾನು ಏನು ಮಾಡಿದರೂ ಅಷ್ಟೇ’ ಎಂಬ ಭಾವ. ನಿಮ್ಮ ಪತ್ರದಲ್ಲಿ ಮೂರೂ ಇವೆ. ಸ್ಕೂಟರ್ ಮೇಲಿನ ಅರ್ಧ ಗಂಟೆ ಮೊದಲನೆಯದು, ಖಾಲಿ ಮಂಚ ಎರಡನೆಯದು, ಉಸಿರಾಟದಲ್ಲೂ ಸೋತೆ ಎಂದದ್ದು ಮೂರನೆಯದು.

ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೇ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದರಲ್ಲಿ ಬರ್ನ್‌ಔಟ್ ಅನ್ನು ರೋಗವೆಂದು ಕರೆದಿಲ್ಲ. ಕೆಲಸದ ಜಾಗದಲ್ಲಿ ಬಹುಕಾಲ ಉಳಿದು ಸರಿಯಾಗಿ ನಿಭಾಯಿಸದೇ ಹೋದ ಒತ್ತಡದ ಪರಿಣಾಮ ಎಂದಿದ್ದಾರೆ. ಈ ಮಾತನ್ನು ನಾನು ಬಹಳ ಮುಖ್ಯವೆಂದು ಭಾವಿಸುತ್ತೇನೆ. ತೊಂದರೆ ಹುಟ್ಟುವುದು ಕೆಲಸ ಮತ್ತು ಕೆಲಸಗಾರರ ನಡುವೆ, ನಿಮ್ಮ ಸ್ವಭಾವದಲ್ಲಿ ಅಲ್ಲ. ಹಾಗಿರುವಾಗ ಮದ್ದು ಮಾತ್ರ ನಿಮ್ಮೊಬ್ಬರಿಗೇ ಕೊಟ್ಟರೆ ಹೇಗೆ ನಾಟೀತು?

ಈಗ ಬೆಡ್‌ಶೀಟಿಗೆ ಬರುತ್ತೇನೆ. ಎಂಟು ಗಂಟೆಗೆ ಹೊಸ ಅಡ್ಮಿಷನ್ ಇತ್ತು. ಮಂಚ ಸಿದ್ಧವಿರದಿದ್ದರೆ ಇನ್ನೊಬ್ಬ ರೋಗಿ ಗಾಲಿಕುರ್ಚಿಯಲ್ಲಿ ಕಾಯಬೇಕಿತ್ತು, ಅದಕ್ಕೆ ಉತ್ತರ ಕೊಡಬೇಕಾದವರು ನೀವು. ಆ ಹುಡುಗಿಯ ಪಕ್ಕದಲ್ಲಿ ಹತ್ತು ನಿಮಿಷ ಸುಮ್ಮನೆ ಕುಳಿತುಕೊಳ್ಳುವುದು ಸರಿ ಎಂದು ನಿಮಗೆ ಗೊತ್ತಿತ್ತು, ಆ ಹತ್ತು ನಿಮಿಷ ನಿಮ್ಮ ಕೈಯಲ್ಲಿರಲಿಲ್ಲ. ಸರಿಯಾದದ್ದು ಯಾವುದೆಂದು ತಿಳಿದೂ ವ್ಯವಸ್ಥೆಯ ಕಾರಣಕ್ಕೆ ಅದನ್ನು ಮಾಡಲಾಗದೆ ಒದ್ದಾಡುವುದಕ್ಕೆ ‘ನೈತಿಕ ಸಂಕಟ’ ಎನ್ನುತ್ತಾರೆ. 1984ರಲ್ಲಿ ಆ್ಯಂಡ್ರೂ ಜೇಮ್ಟನ್ ಈ ಮಾತನ್ನು ಮೊದಲು ಬಳಸಿದ್ದೇ ನರ್ಸುಗಳ ವಿಷಯದಲ್ಲಿ. ಈ ಸಂಕಟ ಬರುವುದು ನೀತಿಪ್ರಜ್ಞೆ ಉಳಿದವರಿಗೆ ಮಾತ್ರ.

ಇನ್ನೊಂದು ಕಾರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇದು ತರಬೇತಿಯಲ್ಲೇ ಆಗುವ ತಪ್ಪು. ಆರೈಕೆಯ ವೃತ್ತಿಗೆ ಬರುವ ಮಕ್ಕಳಿಗೆ ‘ಇವರು ನಿನ್ನ ತಂದೆಯೇ ಎಂದುಕೊಂಡು ನೋಡಿಕೋ’ ಎಂದು ಹೇಳಿಕೊಡುತ್ತೇವೆ. ಕೇಳಲು ಚೆನ್ನಾಗಿದೆ. ಆದರೆ ವಾರಕ್ಕೆ ಎರಡು ಬಾರಿ ತಂದೆಯನ್ನು ಕಳೆದುಕೊಳ್ಳುವ ಶಕ್ತಿ ಯಾರಿಗೂ ಇಲ್ಲ. ಟಾನಿಯಾ ಸಿಂಗರ್, ಓಲ್ಗಾ ಕ್ಲಿಮೆಕಿ ಮತ್ತು ಅವರ ಸಂಗಡಿಗರು ಇದರ ಮೇಲೆ ಪ್ರಯೋಗ ಮಾಡಿದ್ದಾರೆ. ಇನ್ನೊಬ್ಬರ ನೋವನ್ನು ತನ್ನದೇ ಎಂಬಂತೆ ಅನುಭವಿಸಲು ತರಬೇತಿ ಪಡೆದವರಲ್ಲಿ ಸಂಕಟ ಹೆಚ್ಚಾಯಿತು. ಅದೇ ಜನರಿಗೆ ಮುಂದೆ ‘ಇವರಿಗೆ ಒಳ್ಳೆಯದಾಗಲಿ, ನನ್ನಿಂದ ಏನು ಸಹಾಯವಾದೀತು’ ಎಂಬ ಕಾಳಜಿಯ ಭಾವವನ್ನು ಅಭ್ಯಾಸ ಮಾಡಿಸಿದಾಗ ಸಂಕಟ ಇಳಿಯಿತು, ಒಳ್ಳೆಯ ಭಾವನೆಗಳು ಮರಳಿದವು. ಮಿದುಳಿನಲ್ಲಿ ಈ ಎರಡೂ ಬೇರೆ ಬೇರೆ ಜಾಲಗಳನ್ನು ಎಬ್ಬಿಸುವುದು ಸ್ಕ್ಯಾನಿನಲ್ಲಿ ಕಂಡಿತು. ನೋವನ್ನು ಹೊತ್ತುಕೊಳ್ಳುವುದು ಒಂದು, ನೊಂದವರ ಜೊತೆ ನಿಲ್ಲುವುದು ಇನ್ನೊಂದು. ನಾವು ಮೊದಲನೆಯದನ್ನು ಹೊಗಳಿ ಎರಡನೆಯದನ್ನು ಕಲಿಸದೆ ಬಿಟ್ಟಿದ್ದೇವೆ.

ಕಲಿಯುವುದು ಕಷ್ಟವಲ್ಲ. ಡ್ರಿಪ್ ಸರಿಪಡಿಸಲು ಹೋದಾಗ ‘ನಾನು ಇವರ ಜಾಗದಲ್ಲಿದ್ದರೆ?’ ಎಂದು ಕೇಳಿಕೊಳ್ಳುವ ಬದಲು ‘ಈ ಎರಡು ನಿಮಿಷದಲ್ಲಿ ಇವರಿಗೆ ಬೇಕಾದದ್ದು ಏನು?’ ಎಂದು ಕೇಳಿಕೊಳ್ಳಿ. ಉತ್ತರ ಹೆಚ್ಚಾಗಿ ಸಣ್ಣದಿರುತ್ತದೆ: ದಿಂಬು ಜಾರಿದೆ, ಬಾಯಿ ಒಣಗಿದೆ, ಹೆಸರು ಹಿಡಿದು ಒಮ್ಮೆ ಮಾತನಾಡಿಸಬೇಕು. ಅದನ್ನು ಮಾಡಿ ಮುಂದಿನ ಮಂಚಕ್ಕೆ ಹೋದರೆ ಕರ್ತವ್ಯ ಅಲ್ಲಿಗೆ ಪೂರ್ಣವಾಯಿತು.

‘ಸ್ವಾರ್ಥವೇ?’ ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು. ವೈದ್ಯರ ಪ್ರತಿಜ್ಞೆಯೆಂದು ಹೆಸರಾದ ಜಿನೀವಾ ಘೋಷಣೆಯನ್ನು ವಿಶ್ವ ವೈದ್ಯಕೀಯ ಸಂಘ 1948ರಲ್ಲಿ ಅಂಗೀಕರಿಸಿತು. ಸುಮಾರು 70 ವರ್ಷ ಅದರಲ್ಲಿ ಇದ್ದದ್ದು ಇತರರ ಬಗೆಗಿನ ಹೊಣೆ ಮಾತ್ರ. 2017ರಲ್ಲಿ ಅದಕ್ಕೆ ಹೊಸ ಸಾಲು ಸೇರಿಸಿದರು: ಅತ್ಯುತ್ತಮ ಆರೈಕೆ ನೀಡುವ ಸಲುವಾಗಿ ನನ್ನ ಸ್ವಂತ ಆರೋಗ್ಯ, ಕ್ಷೇಮ ಮತ್ತು ಸಾಮರ್ಥ್ಯವನ್ನು ನೋಡಿಕೊಳ್ಳುತ್ತೇನೆ ಎಂಬ ಅರ್ಥದ ಸಾಲು. ತನ್ನ ಆರೈಕೆ ಈಗ ವೃತ್ತಿಧರ್ಮದ ಭಾಗ. ನಿಮ್ಮ ಹಿರಿಯರು ಕೆಟ್ಟವರಲ್ಲ, ಅವರಿಗೆ ಯಾರೋ ಹೇಳಿಕೊಟ್ಟದ್ದನ್ನು ನಿಮಗೆ ದಾಟಿಸುತ್ತಿದ್ದಾರೆ. ಆದರೆ ದಣಿದ ನರ್ಸ್ ಔಷಧಿಯ ಪ್ರಮಾಣ ತಪ್ಪಿದರೆ ಅದನ್ನು ಅನುಭವಿಸುವವರು ರೋಗಿ. ಇಷ್ಟು ಅವರಿಗೂ ಗೊತ್ತು.

ಶಿಬಿರದ ಬಗ್ಗೆ ನೇರವಾಗಿ ಹೇಳುತ್ತೇನೆ. ಉಸಿರಾಟ, ಧ್ಯಾನ, ಯೋಗ ಇವೆಲ್ಲ ಉಪಯುಕ್ತ, ನಾನೂ ಕಲಿಸುತ್ತೇನೆ. ಆದರೆ ವಾರದ ರಜೆ ಕಿತ್ತುಕೊಂಡು ವಿಶ್ರಾಂತಿಯ ಪಾಠ ಹೇಳಿದರೆ ಜನರಿಗೆ ಉಳಿಯುವುದು ಇನ್ನೊಂದು ಡ್ಯೂಟಿ. ಮ್ಯಾಸ್ಲಾಕ್ ಮತ್ತು ಮೈಕೆಲ್ ಲೈಟರ್ ಕೆಲಸದಲ್ಲಿ ಆರು ಕಡೆ ಹೊಂದಾಣಿಕೆ ತಪ್ಪಿದಾಗ ಬರ್ನ್‌ಔಟ್ ಬರುತ್ತದೆ ಎಂದಿದ್ದಾರೆ: ಕೆಲಸದ ಹೊರೆ, ತನ್ನ ಕೆಲಸದ ಮೇಲೆ ತನಗಿರುವ ಹಿಡಿತ, ಸಿಗುವ ಪ್ರತಿಫಲ ಮತ್ತು ಮನ್ನಣೆ, ಜೊತೆಗಾರರ ಬಳಗ, ನ್ಯಾಯ, ಮೌಲ್ಯಗಳು. ಇವುಗಳಲ್ಲಿ ಯಾವೊಂದನ್ನೂ ಮೂಗಿನ ಹೊಳ್ಳೆಯಿಂದ ಸರಿಪಡಿಸಲಾಗುವುದಿಲ್ಲ. ನಾಲ್ಕು ದಿನದಲ್ಲಿ ಅಭ್ಯಾಸ ಬಿಟ್ಟದ್ದನ್ನು ಸೋಲಿನ ಪಟ್ಟಿಯಿಂದ ದಯವಿಟ್ಟು ತೆಗೆದುಹಾಕಿ.

ಇಲ್ಲಿ ನನ್ನದೇ ಒಂದು ಅನುಭವ ಹೇಳಬೇಕು. ಹಲವು ವರ್ಷಗಳ ಹಿಂದೆ, ನಾನು ಆಪ್ತಸಮಾಲೋಚನೆ ನೀಡುತ್ತಿದ್ದ ಒಬ್ಬರು ಆತ್ಮಹತ್ಯೆ ಮಾಡಿಕೊಂಡರು. ಸುದ್ದಿ ಬಂದದ್ದು ಮಧ್ಯಾಹ್ನ ಎರಡೂವರೆಗೆ. ಮೂರು ಗಂಟೆಯವರನ್ನು ಮೂರು ಗಂಟೆಗೇ ಒಳಗೆ ಕರೆದೆ. ಅದನ್ನು ವೃತ್ತಿಪರತೆ ಎಂದುಕೊಂಡಿದ್ದೆ. ಆಮೇಲೆ ತಿಂಗಳುಗಟ್ಟಲೆ ನಡುರಾತ್ರಿ ಎದ್ದು ಫೋನ್ ನೋಡುತ್ತಿದ್ದೆ. ಯಾರೇ ಬಂದು ದುಃಖ ಹೇಳಿಕೊಂಡರೂ ಟಿಪ್ಪಣಿ ಪುಸ್ತಕದಲ್ಲಿ ಸರಿಯಾಗಿ ಬರೆದುಕೊಳ್ಳುತ್ತಿದ್ದೆ, ಒಳಗೆ ಏನೂ ಆಗುತ್ತಿರಲಿಲ್ಲ. ನನ್ನ ಕೆಲಸವನ್ನು ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು ಒಂದು ದಿನ ನನ್ನ ಟಿಪ್ಪಣಿಗಳನ್ನು ಓದಿ, ‘ಇದರಲ್ಲಿ ತಪ್ಪೇ ಇಲ್ಲ, ಆದರೆ ನೀವೂ ಇಲ್ಲ’ ಎಂದರು. ಎರಡು ವಾರ ಹೊಸಬರನ್ನು ತೆಗೆದುಕೊಳ್ಳಬಾರದೆಂದು ನಿಲ್ಲಿಸಿದರು. ಮೂರನೇ ದಿನ, ಬಟ್ಟೆ ಮಡಚುತ್ತಿದ್ದಾಗ ಇದ್ದಕ್ಕಿದ್ದಂತೆ ಅಳು ಬಂತು. ವಿಶ್ರಾಂತಿಯಿಂದ ನನಗೆ ಇನ್ನೂ ಕೆಟ್ಟದಾಗುತ್ತಿದೆ ಎಂದು ಹೆದರಿದೆ.

ಆದ್ದರಿಂದ ಈಗಲೇ ಹೇಳಿಡುತ್ತೇನೆ. ಜೋಮು ಬಿಡುವಾಗ ಮೊದಲು ಬರುವುದು ಹಾಯಲ್ಲ, ಜುಮುಜುಮು ಎನ್ನುವ ಚುಚ್ಚುವಿಕೆ. ಭಾರ ಇಳಿಸಿದ ಮೊದಲ ದಿನಗಳಲ್ಲಿ ಹಳೆಯ ಮುಖಗಳು ಕಣ್ಣ ಮುಂದೆ ಬಂದಾವು, ಕಾರಣವಿಲ್ಲದೆ ಅಳು, ಸಿಟ್ಟು ಬಂದೀತು. ಬಹಳಷ್ಟು ಜನ ಇಲ್ಲೇ ಗಾಬರಿಗೊಂಡು ‘ಕೆಲಸದಲ್ಲಿದ್ದಾಗಲೇ ವಾಸಿ’ ಎಂದು ಓಡಿ ಬರುತ್ತಾರೆ. ಸಂವೇದನೆ ಮರಳುವುದು ಇದೇ ದಾರಿಯಲ್ಲಿ. ಆದರೆ ಅಳು ವಾರಗಟ್ಟಲೆ ನಿಲ್ಲದಿದ್ದರೆ, ದಿನಗಳೆದಂತೆ ಹೆಚ್ಚುತ್ತಾ ಹೋದರೆ, ಅದನ್ನು ಜೋಮು ಬಿಡುವುದೆಂದು ಸಹಿಸಿಕೊಂಡು ಕೂರಬೇಡಿ.

ಏನು ಮಾಡಬಹುದು ಎನ್ನುವುದಕ್ಕೆ ಮುಂಚೆ ಒಂದು ತಪಾಸಣೆ ಆಗಲೇಬೇಕು. ಬೆಳಗಿನ ಮೂರು ಗಂಟೆಗೆ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು ಖಿನ್ನತೆಯ ಲಕ್ಷಣವೂ ಆಗಿರಬಹುದು. ಬರ್ನ್‌ಔಟ್ ಹೆಚ್ಚಾಗಿ ಕೆಲಸಕ್ಕೆ ಅಂಟಿಕೊಂಡಿರುತ್ತದೆ, ಕೆಲಸದಿಂದ ದೂರವಾದರೆ ಒಂದಿಷ್ಟು ಸಡಿಲವಾಗುತ್ತದೆ. ಖಿನ್ನತೆ ಎಲ್ಲೆಡೆ ಹಿಂಬಾಲಿಸುತ್ತದೆ. ದಿನದ ಬಹುಪಾಲು ಬೇಸರ, ಯಾವುದರಲ್ಲೂ ರುಚಿ ಇಲ್ಲದಿರುವುದು ಎರಡು ವಾರಕ್ಕಿಂತ ಹೆಚ್ಚು ಉಳಿದಿದ್ದರೆ ಮನೋವೈದ್ಯರನ್ನು ನೋಡಿ. ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ, ರಜೆ ಅದಕ್ಕೆ ಬದಲಿಯಲ್ಲ. ಹಾಗೆಯೇ ರಕ್ತಹೀನತೆ, ಥೈರಾಯ್ಡ್ ತೊಂದರೆಗಳೂ ಇದೇ ದಣಿವಿನ ವೇಷದಲ್ಲಿ ಬರುತ್ತವೆ, ಒಂದು ರಕ್ತಪರೀಕ್ಷೆ ಮಾಡಿಸಿಕೊಳ್ಳಿ. ಬದುಕುವುದೇ ಬೇಡ ಎಂಬ ಯೋಚನೆ ಒಮ್ಮೆ ಸುಳಿದಿದ್ದರೂ ಈ ಉತ್ತರವನ್ನು ಇಲ್ಲಿಗೇ ನಿಲ್ಲಿಸಿ, ಇವತ್ತೇ ಒಬ್ಬರಿಗೆ ಹೇಳಿ, ಇವತ್ತೇ ವೈದ್ಯರ ಬಳಿ ಅಥವಾ ಸಹಾಯವಾಣಿಗೆ ಹೋಗಿ. ಇನ್ನೊಂದು ಮಾತನ್ನು ಕೈಮುಗಿದು ಹೇಳುತ್ತೇನೆ: ನಿಮ್ಮ ಕೈಗೆ ಔಷಧಿಗಳು ಸುಲಭವಾಗಿ ಸಿಗುತ್ತವೆ. ನಿದ್ದೆಗೆಂದು ನೀವೇ ಮಾತ್ರೆ ತೆಗೆದುಕೊಳ್ಳಬೇಡಿ. ಆರೈಕೆಯ ವೃತ್ತಿಯ ಒಳ್ಳೆಯ ಜನ ಹೀಗೆ ಶುರುಮಾಡಿ ಸಿಕ್ಕಿಕೊಂಡದ್ದನ್ನು ಕಂಡಿದ್ದೇನೆ.

ಇನ್ನು ದಾರಿಗಳು. ಕೆಲಸ ಬಿಡುವುದು ನೀವೇ ಕೇಳಿದ್ದು. ಬಿಡಬಾರದೆಂದು ನಾನು ಹೇಳುವುದಿಲ್ಲ, ಕೆಲವರಿಗೆ ಅದೇ ಸರಿ. ಆದರೆ ಇಷ್ಟು ದಣಿದಿರುವಾಗ ಎಲ್ಲ ಬಾಗಿಲುಗಳೂ ಒಂದೇ ಬಣ್ಣದಲ್ಲಿ ಕಾಣುತ್ತವೆ. ಈ ಸ್ಥಿತಿಯಲ್ಲಿ ರಾಜೀನಾಮೆ ಕೊಟ್ಟವರಲ್ಲಿ ಕೆಲವರು ವಾರ್ಡನ್ನು ದಾಟಲು ಹೋಗಿ ವೃತ್ತಿಯನ್ನೇ ಕಳೆದುಕೊಂಡು ಮರುಗುತ್ತಾರೆ. ಮೂರು ತಿಂಗಳು ಆ ನಿರ್ಧಾರವನ್ನು ಪಕ್ಕಕ್ಕಿಡಿ. ಆಮೇಲೂ ಮನಸ್ಸು ಅದನ್ನೇ ಹೇಳಿದರೆ ನಂಬಬಹುದು.

ದೀರ್ಘ ರಜೆ ಒಳ್ಳೆಯದು, ನಿಮಗೆ ಬೇಕೂ ಬೇಕು. ಅದರ ಮಿತಿಯೂ ತಿಳಿದಿರಲಿ. ರಜೆಯಿಂದ ಸಿಕ್ಕ ಚೈತನ್ಯ, ಅದೇ ಹೊರೆಗೆ ಮರಳಿದರೆ ಕೆಲವೇ ವಾರಗಳಲ್ಲಿ ಕರಗುತ್ತದೆ ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಆದ್ದರಿಂದ ರಜೆ ಕೇಳುವಾಗಲೇ, ಮರಳಿದ ಮೇಲೆ ಏನು ಬದಲಾಗುತ್ತದೆ ಎಂಬುದನ್ನೂ ಕೇಳಿ. ವಾರ್ಡು ಬದಲಾವಣೆ ಅಂಥದ್ದರಲ್ಲಿ ಒಂದು. ಹೊರರೋಗಿ ವಿಭಾಗಕ್ಕೋ ಕಲಿಸುವ ಕೆಲಸಕ್ಕೋ ಆರು ತಿಂಗಳು ಹೋಗಿ ಬಂದವರು ಮತ್ತೆ ಅದೇ ಕ್ಯಾನ್ಸರ್ ವಾರ್ಡಿನಲ್ಲಿ ಗಟ್ಟಿಯಾಗಿ ನಿಂತದ್ದುಂಟು. ನಷ್ಟವೆಂದರೆ ಐದು ವರ್ಷದ ಜೊತೆಗಾರರು ದೂರವಾಗುತ್ತಾರೆ. ನಿಮ್ಮನ್ನು ಇಷ್ಟು ದಿನ ಹಿಡಿದು ನಿಲ್ಲಿಸಿದ್ದು ಅವರೇ ಆಗಿದ್ದರೆ ಇದು ಸಣ್ಣ ನಷ್ಟವಲ್ಲ.

ಮೇಲಧಿಕಾರಿಗೆ ಹೇಳಿದರೆ ‘ಇವಳ ಕೈಲಾಗುವುದಿಲ್ಲ’ ಎಂಬ ಹಣೆಪಟ್ಟಿ ಬೀಳುವ ಅಪಾಯ ನಿಜ, ಅದನ್ನು ಮುಚ್ಚಿಡುವುದಿಲ್ಲ. ನನ್ನ ಸಲಹೆ: ‘ನನಗೆ ತಡೆಯಲಾಗುತ್ತಿಲ್ಲ’ ಎಂದು ಒಬ್ಬರೇ ಹೋಗುವುದಕ್ಕಿಂತ, ‘ಸಾವಿನ ನಂತರ ಆ ಮಂಚದ ನರ್ಸಿಗೆ ಕಾಲು ಗಂಟೆ ಬಿಡುವು ಬೇಕು, ಆ ಹೊತ್ತಿಗೆ ಇನ್ನೊಬ್ಬರು ನೋಡಿಕೊಳ್ಳಬೇಕು’ ಎಂಬ ಒಂದೇ ಬೇಡಿಕೆಯನ್ನು ಮೂರು ನಾಲ್ಕು ಜನ ಸೇರಿ ಮುಂದಿಡಿ. ಸಣ್ಣ ಮತ್ತು ಸ್ಪಷ್ಟ ಬೇಡಿಕೆಗೆ ಒಪ್ಪಿಗೆ ಸಿಗುವ ಸಾಧ್ಯತೆ ಹೆಚ್ಚು.

ಎಲ್ಲಕ್ಕಿಂತ ನಾನು ಒತ್ತಿ ಹೇಳುವುದು ಕೆಲಸದ ಬಗ್ಗೆ ಮಾತನಾಡಲು ಒಂದು ನಿಗದಿತ ಜಾಗ ಮಾಡಿಕೊಳ್ಳುವುದನ್ನು. 1950ರ ದಶಕದಲ್ಲಿ ಲಂಡನ್ನಿನಲ್ಲಿ ಮೈಕೆಲ್ ಬಾಲಿಂಟ್ ವೈದ್ಯರ ಸಣ್ಣ ಗುಂಪುಗಳನ್ನು ಕಟ್ಟಿ, ಒಬ್ಬ ರೋಗಿ ತಮ್ಮೊಳಗೆ ಏನನ್ನು ಎಬ್ಬಿಸಿದ ಎಂದು ಮಾತನಾಡಲು ಕಲಿಸಿದರು. ಇಂದಿಗೂ ಅಂಥ ಗುಂಪುಗಳು ಅವರ ಹೆಸರಿನಲ್ಲಿ ನಡೆಯುತ್ತವೆ. ನೀವು ನಾಲ್ಕು ಜನ ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ ಕುಳಿತರೂ ಸಾಕು. ರೋಗಿಯ ಗುರುತು ಹೊರಗೆ ಹೋಗಬಾರದು. ಒಂದು ಅಪಾಯವಿದೆ: ಗುಂಪು ಬರೀ ಆಡಳಿತವನ್ನು ಬೈಯುವ ಜಾಗವಾಗಿಬಿಟ್ಟರೆ ಎದ್ದು ಬರುವಾಗ ಭಾರ ಹೆಚ್ಚಿರುತ್ತದೆ. ಆಪ್ತಸಮಾಲೋಚಕರೊಬ್ಬರು ನಡೆಸಿಕೊಟ್ಟರೆ ಒಳ್ಳೆಯದು. ಮತ್ತೊಂದು ಎಚ್ಚರಿಕೆ: ದುರಂತವಾದ ಕೂಡಲೇ ಎಲ್ಲರನ್ನೂ ಕೂರಿಸಿ ಕಡ್ಡಾಯವಾಗಿ ವಿವರ ಹೇಳಿಸುವ ಪದ್ಧತಿ ಸಹಾಯಕ್ಕೆ ಬಂದಿಲ್ಲ, ಕೆಲವರಿಗೆ ಹಾನಿಯೂ ಆಗಿದೆ. ಮಾತನಾಡುವ ಬಾಗಿಲು ತೆರೆದಿರಬೇಕು, ಯಾರನ್ನೂ ಒಳಗೆ ತಳ್ಳಬಾರದು.

ರಾತ್ರಿ ಪಾಳಿ ಮುಗಿಸಿ ಸ್ಕೂಟರ್ ಓಡಿಸುತ್ತೀರಾ? 17ರಿಂದ 19 ಗಂಟೆ ಎಚ್ಚರವಿದ್ದವರ ಪ್ರತಿಕ್ರಿಯೆ, ರಕ್ತದಲ್ಲಿ ಶೇ 0.05ರಷ್ಟು ಮದ್ಯಸಾರ ಇರುವವರಷ್ಟೇ ಮಂದವಾಗಿರುತ್ತದೆ ಎಂದು 2000ದಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಆ ಬೆಳಗುಗಳಲ್ಲಿ ಬೇರೆ ಯಾರಾದರೂ ಕರೆತರಲಿ.

ಮನೆಯ ಮುಂದಿನ ಆ ಅರ್ಧ ಗಂಟೆಯ ಬಗ್ಗೆ ನಾಚಿಕೊಳ್ಳಬೇಡಿ. ನಿಮ್ಮ ದೇಹ ತಾನಾಗಿಯೇ ಒಂದು ಹೊಸ್ತಿಲು ಕಟ್ಟಿಕೊಂಡಿದೆ. ಅದನ್ನು ಮನೆಯ ಮುಂದಿನಿಂದ ತೆಗೆದು ಆಸ್ಪತ್ರೆಯ ಕಡೆ ಕಟ್ಟಿ. ಹ್ಯಾಂಡ್‌ಓವರ್ ಕೊಟ್ಟಾದ ಮೇಲೆ ಕೊನೆಯ ಬಾರಿ ಕೈ ತೊಳೆಯುವಾಗ ಅವಸರ ಮಾಡದೆ ಮೂರು ವಿಷಯ ಮನಸ್ಸಿನಲ್ಲಿ ಹೇಳಿಕೊಳ್ಳಿ: ಇವತ್ತು ಕಷ್ಟವಾದದ್ದು ಯಾವುದು, ನನ್ನಿಂದ ಆದದ್ದು ಯಾವುದು, ಈಗ ಯಾರ ಕೈಗೆ ಒಪ್ಪಿಸಿದ್ದೇನೆ. ನಂತರ ನಲ್ಲಿ ನಿಲ್ಲಿಸಿ, ಸಮವಸ್ತ್ರ ಬದಲಿಸಿ, ಹೊರಡಿ. ಕೆಲಸದ ನಂತರ ಮನಸ್ಸಿನಿಂದಲೂ ಕೆಲಸ ಬಿಟ್ಟು ಬರುವವರ ದಣಿವು ಕಡಿಮೆ ಎಂಬುದನ್ನು ಸಬೀನ್ ಸೊನೆಂಟಾಗ್ ಅವರ ಸಂಶೋಧನೆಗಳು ಚೆನ್ನಾಗಿ ತೋರಿಸಿವೆ. ವಾರ್ಡಿನ ವಾಟ್ಸ್ಆ್ಯಪ್ ಗುಂಪನ್ನು ಮನೆಯಲ್ಲಿ ಮೌನವಾಗಿಡಿ.

ಮಗನ ಬಳಿ ಕುಳಿತು, ‘ಅವತ್ತು ಗದರಿದ್ದು ತಪ್ಪಾಯಿತು, ಅಮ್ಮನ ತಲೆಯಲ್ಲಿ ಇನ್ನೂ ಆಸ್ಪತ್ರೆ ಇತ್ತು’ ಎಂದು ಹೇಳಿ. ಹತ್ತು ವರ್ಷದ ಮಗುವಿಗೂ ಈ ಮಾತು ಅರ್ಥವಾಗುತ್ತದೆ. ಕ್ಯಾನ್ಸರಿನ ಪಕ್ಕದಲ್ಲಿಟ್ಟರೆ ಜ್ಯಾಮಿಟ್ರಿ ಬಾಕ್ಸ್ ಏನೂ ಅಲ್ಲ, ನಿಜ. ಆದರೆ ಅವನ ದಿನದಲ್ಲಿ ಕ್ಯಾನ್ಸರ್ ಇಲ್ಲ, ಬಾಕ್ಸ್ ಇದೆ. ಅವನ ಜೊತೆ ಅದನ್ನು ಹುಡುಕುವ ಹತ್ತು ನಿಮಿಷ ನಿಮಗೂ ಒಳ್ಳೆಯದು.

ಕೊನೆಗೆ ಆ ಹುಡುಗಿ. ಹುಡುಕಿಕೊಂಡು ಹೋಗಬೇಡಿ. ನಿಮ್ಮ ತಲೆಯಲ್ಲಿ ಏನು ಓಡುತ್ತಿತ್ತೆಂದು ಅವಳಿಗೆ ಗೊತ್ತಿಲ್ಲ. ನೀವು ಹೇಳಿದರೆ ನಿಮ್ಮ ಭಾರ ಅವಳ ದುಃಖದ ಮೇಲೆ ಬೀಳುತ್ತದೆ. ಅವಳಿಗೆ ಗೊತ್ತಿರುವುದು ಇಷ್ಟು: ಕಾಲಲ್ಲಿ ಬಲವಿಲ್ಲದೆ ಕಂಬಿ ಹಿಡಿದು ನಿಂತಿದ್ದಾಗ ಯಾರೋ ಕುರ್ಚಿ ಎಳೆದುಕೊಟ್ಟರು, ಕೈಗೆ ನೀರು ಕೊಟ್ಟರು. ಎಂದಾದರೂ ಕಾಗದಪತ್ರಕ್ಕೆಂದು ಅವಳೇ ಆಸ್ಪತ್ರೆಗೆ ಬಂದರೆ, ನಿಮಗೆ ನೆನಪಿದ್ದರೆ, ಅವಳ ತಂದೆಯ ಹೆಸರು ಹೇಳಿ ಮಾತನಾಡಿಸಿ.